ಮುಚ್ಚಳ ಹಾಕಬೇಡ ಎನ್ನಲಿಲ್ಲ

“ಮುಚ್ಚಳ ಹಾಕಬೇಡ, ಅದಿನ್ನೂ ಮುಗಿದಿಲ್ಲ” — ಇಷ್ಟು ಮಾತನ್ನು ನಾನು ನನ್ನ ತಮ್ಮನಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು. ಅವನ ಪಕ್ಕದಲ್ಲೇ ನಿಂತಿದ್ದೆ, ಆಗಿದೆಯಾ ಎಂದು ಅವನು ನನ್ನನ್ನು ಕೇಳಿಯೂ ಇದ್ದ. ಆದರೂ ಬಾಯಿ ಬಿಡಲಿಲ್ಲ — ಇವನಿಗೆ ಒಮ್ಮೆ ಆಗಬೇಕು ಎಂದುಕೊಂಡು ಸುಮ್ಮನಿದ್ದೆ. ಆಯಿತು. ಅವನ ಬಲಗಣ್ಣು ಹೋಯಿತು.

ನಾನು ಮಂಗಳೂರಿನ ಕಡೆಯವಳು. ಓದಿದ್ದು ಏಳನೆಯವರೆಗೆ. ಆಮೇಲೆ ಬೀಡಿ ಕಟ್ಟಿದೆ. ತಮ್ಮ ಲ್ಯಾನ್ಸಿ ಡಿಪ್ಲೊಮಾ ಮುಗಿಸಿ ಕತಾರಿಗೆ ಬಂದ. ನನ್ನ ಗಂಡ ತೀರಿಕೊಂಡ ಮೇಲೆ ಅವನೇ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಸಿಗುವುದು ಮನೆಕೆಲಸದವಳ ವೀಸಾ ಒಂದೇ ಎಂದ. ನನ್ನ ಗಂಡನ ಮನೆಯ ಹೆಸರು ಬೇರೆ, ಆದ್ದರಿಂದ ಕಾಗದದಲ್ಲಿ ನಾವು ಒಡಹುಟ್ಟಿದವರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಕಾಗದ ತಾನೇ, ಇರಲಿ ಎಂದೆ. ದೋಹಾ ಅಲ್ ಜದೀದಾ ಬಡಾವಣೆಯ ಅವನ ಫ್ಲ್ಯಾಟಿನಲ್ಲಿ ಅಡುಗೆ ನನ್ನದು, ಅವನ ಇಬ್ಬರು ಹೆಣ್ಣುಮಕ್ಕಳ ಜಡೆ ನನ್ನದು. ಅವನ ಹೆಂಡತಿ ಸುನೀತಾ ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಮೇಲೆ ನನ್ನ ದೂರೇನೂ ಇಲ್ಲ.

ಲ್ಯಾನ್ಸಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿಯಿತು. ಇಲ್ಲಿ ಅದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಜೈಲೂ ಆದೀತು. ಅಮಲಿಲ್ಲದ ಮಾಲ್ಟ್ ಪಾನೀಯ ಇಲ್ಲಿನ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ತಂದು, ಸಕ್ಕರೆ ಮತ್ತು ಬ್ರೆಡ್ಡಿನ ಈಸ್ಟ್ ಹಾಕಿ, ನೀರಿನ ಕ್ಯಾನಿನಲ್ಲಿ ತುಂಬಿ ಸ್ಟೋರ್ ರೂಮಿನಲ್ಲಿ ಇಟ್ಟ. ಮೊದಲ ಸಲದ್ದು ಹಳಸಿದ ಇಡ್ಲಿ ಹಿಟ್ಟಿನ ಹಾಗೆ ನಾತ ಹೊಡೆಯಿತು. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಅವನಿಗೆ ಕಾರಣ ಸಿಗಲಿಲ್ಲ. ನಾನು ಒಮ್ಮೆ ಮೂಸಿ ಹೇಳಿದೆ — ಮಜ್ಜಿಗೆ ಸೋಸುವ ಬಟ್ಟೆಯಲ್ಲೇ ಇದನ್ನೂ ಸೋಸಿದ್ದೀಯಲ್ಲ, ಹುಳಿ ಅಲ್ಲಿಂದ ಬಂತು. ನಮ್ಮ ಅಮ್ಮ ಪ್ರತಿ ಕ್ರಿಸ್ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದರು. ಕೈಜೋಡಿಸುತ್ತಿದ್ದವಳು ನಾನು. ಹುದುಗಿನ ಸ್ವಭಾವ ನನಗೆ ಗೊತ್ತು.

ಎರಡನೆಯ ಸಲ ಕ್ಯಾನಿಗೆ, ಪಾತ್ರೆಗೆ ಎಲ್ಲ ನಾನೇ ಕುದಿನೀರು ಹಾಕಿ ತೊಳೆದೆ. ಸೋಸಿದ್ದು ನಾನು, ಈಸ್ಟ್ ನೆನೆಸಿದ್ದು ನಾನು. ಚೆನ್ನಾಗಿ ಬಂತು. ಅದನ್ನು ಕುಡಿಯಲು ಅವನ ಆಫೀಸಿನ ಪ್ರಕಾಶ್ ಅವರು, ಮೈಸೂರಿನವರು, ಬಂದಿದ್ದರು. ಲ್ಯಾನ್ಸಿ ತನ್ನ ಕೈಚಳಕವನ್ನು ಬಣ್ಣಿಸುತ್ತಿದ್ದ. ನಾನು ಕೋಳಿ ಸುಕ್ಕದ ಬಟ್ಟಲು ಇಡಲು ಹೋದೆ.

“ಇವರು ಯಾರು ಲ್ಯಾನ್ಸಿ? ಪರಿಚಯ ಮಾಡಿಸಲೇ ಇಲ್ವಲ್ರೀ.”

“ಅವಳಾ? ಕೆಲಸಕ್ಕೆ ಇರುವವಳು ಸರ್. ನಮ್ಮ ಊರಿನವಳೇ.”

“ಅದೃಷ್ಟ ಕಣ್ರೀ ನಿಮ್ದು. ನಮ್ಮನೇಲಿ ಮೂರು ತಿಂಗಳು ಯಾರೂ ನಿಲ್ಲಲ್ಲ. ಇವ್ರನ್ನ ನಮಗೆ ಬಿಟ್ಕೊಡಿ.”

“ತಗೊಂಡು ಹೋಗಿ ಸರ್, ಬಾಯಿ ಸ್ವಲ್ಪ ಜೋರು ಅಷ್ಟೇ.”

ಇಬ್ಬರೂ ನಕ್ಕರು. ನಾನು ಬಟ್ಟಲು ಇಟ್ಟು ಅಡುಗೆಮನೆಗೆ ಬಂದೆ. ವೀಸಾದ ಭಯದಿಂದ ಹಾಗೆ ಹೇಳಿರಬಹುದು ಎಂದು ಈಗ ಅನಿಸುತ್ತದೆ. ಆದರೆ ಆ ನಗು — ನಗುವ ಅಗತ್ಯ ಏನಿತ್ತು? ಎತ್ತಿ ಆಡಿಸಿದವಳು ನಾನು. ಅವನ ಪುಸ್ತಕಕ್ಕೆ ಬೈಂಡು ಹಾಕಿಕೊಟ್ಟವಳು...

ಅಂದಿನಿಂದ ನನ್ನೊಳಗೆ ಒಂದು ಹಟ ಕೂತಿತು. ಅವನ ಅಂಗಿಯ ಗುಂಡಿ ಕಿತ್ತುಬಂದರೆ ಕಂಡೂ ಕಾಣದವಳಂತೆ ಇದ್ದೆ. ಅವನು ಆಫೀಸಿನಲ್ಲಿ ಬೈಸಿಕೊಂಡು ಬಂದ ದಿನ ಅನ್ನ ಎರಡು ತುತ್ತು ಹೆಚ್ಚೇ ಇಳಿಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಜುಲೈಯಲ್ಲಿ ಮೂರನೆಯ ಸಲ ಹಾಕಿದ. ದುಖಾನ್ ಎಂಬ ದೂರದ ಊರಿನಲ್ಲಿರುವ ಗೆಳೆಯನ ಮನೆಯಲ್ಲಿ ಶುಕ್ರವಾರ ಊಟವಿತ್ತು, ಅಲ್ಲಿಗೆ ಒಯ್ಯಬೇಕು. ಬಿಸಿಲಿಗೆ ಕೆಡದಿರಲಿ ಎಂದು ಸ್ಟೋರ್ ರೂಮಿನ ಏಸಿಯನ್ನು ತೀರಾ ಕಡಿಮೆಗೆ ಇಟ್ಟ. ಆ ಚಳಿಗೆ ಈಸ್ಟ್ ಮಲಗಿಬಿಟ್ಟಿತು. ಗುಳ್ಳೆ ಏಳುವುದು ನಿಂತಿತು. ಮುಗಿಯಿತು ಎಂದು ಅವನು ತಿಳಿದ. ಅವನು ಆಚೆ ಹೋದಾಗ ಒಂದು ಚಮಚ ನಾಲಿಗೆಗೆ ಹಾಕಿ ನೋಡಿದೆ. ಪಾಯಸದಷ್ಟು ಸಿಹಿ. ಈಸ್ಟ್ ಅರ್ಧ ಸಕ್ಕರೆಯನ್ನೂ ತಿಂದಿರಲಿಲ್ಲ.

ಸಿಹಿ ಇರುವಾಗ ಬಾಟಲಿಯ ಬಾಯಿ ಬಿಗಿಯಬಾರದು ಎಂದು ಅಮ್ಮ ಹೇಳುತ್ತಿದ್ದರು. ಒಂದು ವರ್ಷ ಅಪ್ಪ ಅವಸರ ಮಾಡಿ ವೈನನ್ನು ಬಾಟಲಿಗೆ ತುಂಬಿದ್ದರು. ಒಳಗೆ ಗ್ಯಾಸ್ ತುಂಬಿ, ಕಪಾಟಿನಲ್ಲೇ ಒಡೆದು ಗಾಜು ಎದುರಿನ ಗೋಡೆಗೆ ನೆಟ್ಟಿತ್ತು. ಲ್ಯಾನ್ಸಿ ಆಗ ತೊಟ್ಟಿಲಲ್ಲಿದ್ದ. ಕಂಡವಳು ನಾನು.

ಗುರುವಾರ ಮಧ್ಯಾಹ್ನ ದ್ರಾಕ್ಷಿ ರಸದ ಖಾಲಿ ಗಾಜಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ನನ್ನನ್ನು ಕರೆದ. ಬಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಕ್ಕ.

“ಬಾಯ್, ಗುಳ್ಳೆ ನಿಂತು ಎರಡು ದಿನ ಆಯ್ತು. ಆಗಿರಬೇಕಲ್ಲ?”

“ಕೆಲಸದವಳಿಗೆ ಎಂಥ ಗೊತ್ತು?” ಎಂದೆ.

“ಎಂಥ ಮಾರಾಯ್ತಿ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ಕಾಗದದಲ್ಲಿ ಇದ್ದದ್ದನ್ನೇ ಹೇಳಿದ್ದಲ್ವಾ ನಾನು.”

ತಪ್ಪಾಯಿತು ಎಂದು ಅವನು ಒಂದು ಮಾತು ಹೇಳಿದ್ದರೆ... ಬೇಡ. ಹೇಳದೆ ಇದ್ದದ್ದು ಅವನದು, ಮಾಡಿದ್ದು ನನ್ನದು. ಗುಳ್ಳೆ ಚೆನ್ನಾಗಿ ಬರಲೆಂದು ಅವನು ಪ್ರತಿ ಬಾಟಲಿಗೂ ಇನ್ನೊಂದು ಚಮಚ ಸಕ್ಕರೆ ಹಾಕಿದ. ನಾನು ಮುಚ್ಚಳಗಳನ್ನು ಒರೆಸಿ ಒಂದೊಂದಾಗಿ ಅವನ ಕೈಗೆ ಕೊಟ್ಟೆ. ಅವನು ಬಿಗಿಯಾಗಿ ತಿರುಗಿಸಿದ. ಗೆಳೆಯರ ಮುಂದೆ ನೊರೆ ಉಕ್ಕಿ ಅವನ ಇಸ್ತ್ರಿ ಅಂಗಿ ತೋಯಲಿ, ಎಲ್ಲರೂ ನಗಲಿ ಎಂದು ಬಯಸಿದೆ. ಅಷ್ಟೇ ಬಯಸಿದೆ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗೋಡೆಯಲ್ಲಿ ನೆಟ್ಟ ಗಾಜು ಆಗಲೂ ನನ್ನ ಕಣ್ಣ ಮುಂದಿತ್ತು.

ಶುಕ್ರವಾರ ಬಾಟಲಿಗಳನ್ನು ಬುಟ್ಟಿಯಲ್ಲಿ ಟವೆಲಿನ ಕೆಳಗೆ ಅಡಗಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಅವನೊಬ್ಬನೇ ಹೊರಟ. ದುಖಾನಿಗೆ ಉದ್ದದ ದಾರಿ, ಜುಲೈ ಬಿಸಿಲು. ಚಳಿಗೆ ಮಲಗಿದ್ದ ಈಸ್ಟ್ ಆ ಡಿಕ್ಕಿಯ ಕಾವಿಗೆ ಎದ್ದು ಕೂತಿತು. ಅಲ್ಲಿ ತಲುಪಿ, ಡಿಕ್ಕಿ ತೆರೆದು, ಬಗ್ಗಿ ಒಂದು ಬಾಟಲಿ ಎತ್ತಿದಾಗ ಅದು ಅವನ ಮುಖದೆದುರೇ ಒಡೆಯಿತು.

ಆಸ್ಪತ್ರೆಯಲ್ಲಿ ಸೋಡಾ ಬಾಟಲಿ ಎಂದು ಹೇಳಿದ. ಮುಖದ ತುಂಬ ಬ್ಯಾಂಡೇಜು ಇದ್ದಾಗಲೂ ಅವನಿಗೆ ಅದೇ ಚಿಂತೆ. “ಎಲ್ಲಿ ತಪ್ಪಾಯ್ತು ಬಾಯ್?” ಎಂದು ನನ್ನನ್ನೇ ಕೇಳಿದ. ಸಕ್ಕರೆ ಹೆಚ್ಚಾಯಿತೇ, ಗಾಜು ತೆಳುವೇ, ಬಿಸಿಲೇ ಎಂದು ಒಂದೊಂದಾಗಿ ಎಣಿಸಿದ. ನಾನು ಗಂಜಿ ಕುಡಿಸುತ್ತಾ ಗೊತ್ತಿಲ್ಲ ಎಂದೆ. ಪಾದ್ರಿಗಳ ಬಳಿ ಪಾಪ ನಿವೇದಿಸುವಾಗಲೂ “ಸಿಟ್ಟು ಮಾಡಿಕೊಂಡೆ” ಎಂದಷ್ಟೇ ಹೇಳಿ ಎದ್ದು ಬಂದೆ. ಇನ್ನೂ ಕೆಟ್ಟದ್ದು ಹೇಳಲೇ? ಒಂದೇ ಕಣ್ಣಿನವನು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗ, ಈಗ ನೋಡಿ ನಡೆ, ನನ್ನನ್ನು ಸರಿಯಾಗಿ ನೋಡಿ ಮಾತಾಡು ಎಂದು ಒಳಗೆ ಏನೋ ಹಲ್ಲು ಕಡಿಯುತ್ತಿತ್ತು.

ಕಳೆದ ಶುಕ್ರವಾರ, ಇಲ್ಲಿನ ರಜೆಯ ದಿನ, ಪೂಜೆ ಮುಗಿದ ಮೇಲೆ ಸುನೀತಾ ಮಕ್ಕಳ ಜೊತೆ ಚರ್ಚಿನಲ್ಲೇ ಉಳಿದಿದ್ದಳು. ಮನೆಯಲ್ಲಿ ನಾವಿಬ್ಬರೇ. ನನಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು. ಅವನೇ ಚಹಾ ಮಾಡಿದ. ನನ್ನ ಲೋಟಕ್ಕೆ ಬಗ್ಗಿಸುವಾಗ ಅಂದಾಜು ತಪ್ಪಿ, ಲೋಟದ ಹೊರಗೆ, ನನ್ನ ಬೆರಳ ಮೇಲೆ ಸುರಿದ. “ಸಾರಿ ಬಾಯ್, ಸಾರಿ... ಸುಟ್ಟಿತಾ? ಕಾಣಲಿಲ್ಲ ನನಗೆ,” ಎಂದು ಓಡಿ ತಣ್ಣೀರು ತಂದು ನನ್ನ ಕೈಯನ್ನು ಅದರಲ್ಲಿ ಅದ್ದಿ ಹಿಡಿದ.

ಅವನ ಬಾಯಿಂದ ಕೇಳಲು ನಾನು ನಾಲ್ಕು ವರ್ಷ ಕಾದ ಮಾತು ಒಂದು ಲೋಟ ಚಹಾಕ್ಕೆ ಬಂತು. ಸಿಟ್ಟು ಏರಿತು, ಹೌದು, ಆಗಲೂ ಏರಿತು. ಮೊದಲು ಅವನ ತಪ್ಪು, ಆಮೇಲೆ ನನ್ನದು ಎಂದು ನಾನು ಎಷ್ಟೋ ದಿನದಿಂದ ಮಾತನ್ನು ಜೋಡಿಸಿ ಇಟ್ಟುಕೊಂಡಿದ್ದೆ. ಆದರೆ ಅವನು ನನ್ನ ಬೆರಳನ್ನು ತೀರಾ ಹತ್ತಿರದಿಂದ, ತಲೆ ಓರೆ ಮಾಡಿ, ಎಡಗಣ್ಣಿಂದ ಹುಡುಕಿ ನೋಡುತ್ತಿದ್ದ. ಅರ್ಧ ಮಾತನ್ನು ಬಿಟ್ಟುಬಿಟ್ಟೆ. ಉಳಿದದ್ದನ್ನು ಹೇಳಿದೆ.

“ಲ್ಯಾನ್ಸಿ, ಎಲ್ಲಿ ತಪ್ಪಾಯ್ತು ಅಂತ ಕೇಳಿದ್ದಿಯಲ್ಲ. ಅದು ಮುಗಿದಿರಲಿಲ್ಲ. ಒಡೆಯುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕೈಗೆ ಮುಚ್ಚಳ ಕೊಟ್ಟೆ. ತಪ್ಪಾಯ್ತು ನನ್ನದು. ಕ್ಷಮಿಸು.”