ಕರೆಂಟ್ ಹೋದರೆ ಮರೆಯುವ ಮಷೀನು

ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಜಕ್ಕೂರಿನ ಕಡೆಯ ನಮ್ಮ ಸಿಂಗಾಪುರದಲ್ಲಿ ನನ್ನದೊಂದು ಕೋಳಿ ಅಂಗಡಿ. ಗಂಡ ಸತ್ತ ಮೇಲೆ ಇಟ್ಟಿದ್ದು. ಮಗಳು ಅವಳ ಗಂಡನನ್ನು ಬಿಟ್ಟು ಬಂದು ಜೊತೆಗೆ ನಿಂತಳು. ನಾನು ಕೊಯ್ಯುತ್ತೇನೆ, ಅವಳು ತುಂಡು ಮಾಡುತ್ತಾಳೆ. ರಕ್ತ ಕಂಡರೆ ನಮಗಿಬ್ಬರಿಗೂ ಏನೂ ಅನ್ನಿಸುವುದಿಲ್ಲ.

ಪಂಜರದಿಂದ ಕೋಳಿ ಕದಿಯುವವರು ಹೆಚ್ಚಾದಾಗ ಕ್ಯಾಮೆರಾ ಹಾಕಿಸಿದೆ. ಮಹಡಿಯ ಬಾಡಿಗೆ ಹುಡುಗ ಧಾರವಾಡದ ಕಡೆಯವನು, ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಆಫೀಸಿನವರು ಮೂಲೆಗೆ ಎಸೆದಿದ್ದ ಹಳೆಯ ಕಂಪ್ಯೂಟರನ್ನು ಹೊತ್ತು ತಂದು ನನ್ನ ಗಲ್ಲಾದ ಪಕ್ಕ ಕೂರಿಸಿದ.

"ಅಜ್ಜಿ, ಇದು ಮುದಿ ಎತ್ತ ಇದ್ದಂಗ ಐತ್ರಿ. ಭಾರ ಹೊರೂದಿಲ್ಲ. ಅದಕ್ಕ ಬ್ಯಾಡಾದ್ದೆಲ್ಲಾ ಕಿತ್ತ ಒಗದೀನಿ. ಕ್ಯಾಮೆರಾ ಒಂದ ನಡೀತೈತಿ."

"ಏನೇನ್ ಕಿತ್ತೆ?"

"ಸೌಂಡ್ ಕಿತ್ತೆ, ಇಂಟರ್ನೆಟ್ ಕಿತ್ತೆ, ಪೆನ್ ಡ್ರೈವ್ ಹಾಕೂದ ಕಿತ್ತೆ. ವೈರಸ್ ಬರಾಕ ದಾರಿನ ಇಲ್ರಿ."

ಸ್ವಲ್ಪ ದಿನಕ್ಕೇ, ಸಂಜೆಯ ಗದ್ದಲದಲ್ಲಿ ಒಬ್ಬ ಕಳ್ಳ ಪಂಜರಕ್ಕೆ ಕೈ ಹಾಕಿದ. ಬೆಳಿಗ್ಗೆ ಹುಡುಕಿದರೆ ಮಷೀನಿನಲ್ಲಿ ಅವನೂ ಇಲ್ಲ, ಹಿಂದಿನ ದಿನವೂ ಇಲ್ಲ. ಮೂಲೆಯಲ್ಲಿ ತೋರಿಸುವ ತಾರೀಖು ಹುಡುಗ ಅದನ್ನು ಕೂರಿಸಿದ ದಿನದ್ದು. ಅವನು ತಲೆ ಕೆರೆದುಕೊಂಡ. ಅಂಗಡಿ ಮುಚ್ಚುವಾಗ ನಾನು ಗೋಡೆಯ ಸ್ವಿಚ್ ಆರಿಸುತ್ತಿದ್ದೆ. ಆ ಮಷೀನು ಕಂಡದ್ದನ್ನೆಲ್ಲ ತಲೆಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದಂತೆ. ಕರೆಂಟ್ ಹೋದರೆ ಎಲ್ಲ ಮರೆತು ಮೊದಲ ದಿನದ ಹಾಗೆ ಎದ್ದು ಕೂರುತ್ತದಂತೆ.

"ಹೊಲಸೇನರ ಸೇರಿದ್ರ ತೊಳದ ಹೋಗ್ಲಿ ಅಂತ ನಾನ ಹಂಗ ಮಾಡೀನ್ರಿ."

"ಹೊಲಸಿನ ಜೊತೆ ಕಳ್ಳನೂ ತೊಳ್ಕೊಂಡ್ ಹೋದ್ನಲ್ಲೋ ಬುದ್ಧಿವಂತ!"

ಸ್ವಿಚ್ಚಿಗೆ ಟೇಪ್ ಸುತ್ತಿದ. ಕರೆಂಟ್ ಹೋದರೆ ಸ್ವಲ್ಪ ಹೊತ್ತು ತಡೆಯಲಿ ಎಂದು ಮೇಜಿನ ಕೆಳಗೆ ಒಂದು ಯುಪಿಎಸ್ ಇಟ್ಟ. ಭಾನುವಾರ ಪೂರ್ತಿ ಸರಿ ಮಾಡಿಕೊಡುತ್ತೇನೆ ಎಂದ. ಆ ಭಾನುವಾರ ಬರಲೇ ಇಲ್ಲ.

ಇನ್ನು ನನ್ನ ಮಗ. ಜಕ್ಕೂರಿನ ಕೆರೆ ಕಡೆ ನಮ್ಮ ಜಮೀನು ಒಂದು ತುಂಡು ಉಳಿದಿತ್ತು. ತಂಗಿ ತನ್ನ ಪಾಲು ಬಿಟ್ಟುಕೊಟ್ಟು ಸಹಿ ಹಾಕಬೇಕು, ಅವನು ಬಿಲ್ಡರಿಗೆ ಕೊಡಬೇಕು. ಇವಳು ಹಾಕಲಿಲ್ಲ. ಒಮ್ಮೆ ಇವಳ ಕುತ್ತಿಗೆ ಹಿಡಿದು, ಪುಕ್ಕ ತೆಗೆಯುವ ಬಿಸಿನೀರಿನ ಡ್ರಮ್ಮಿನ ಮೇಲೆ ಬಗ್ಗಿಸಿದ್ದ. ಮುಖದ ಅರ್ಧ ಚರ್ಮ ಸುಲಿದಿತ್ತು. ಸ್ಟೇಷನ್ನಿಗೆ ಹೋದರೆ, ಅಣ್ಣ ತಂಗಿ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದರು.

ಮಹಾಲಯ ಅಮಾವಾಸ್ಯೆ ಬಂತು. ಅವತ್ತು ನಮ್ಮವರು ಸತ್ತ ಹಿರಿಯರಿಗೆ ಬಾಡಿನ ಎಡೆ ಇಡುತ್ತಾರೆ. ತೋಳು ಬಿದ್ದುಹೋಗುವಷ್ಟು ಕೋಳಿ ಕೊಯ್ದೆ. ಮಧ್ಯಾಹ್ನದ ಹೊತ್ತಿಗೆ ಜನ ಅಡುಗೆಗೆಂದು ಮನೆ ಸೇರಿದರು. ಅಂಗಡಿ ಖಾಲಿಯಾಯಿತು. ನಾನು ಹಿಂದುಗಡೆ ಕರುಳು, ಪುಕ್ಕಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಮಗಳು ಕಿರುಚಿದಳು.

ಬಂದು ನೋಡಿದರೆ ಮಾಂಸ ಕಡಿಯುವ ಕೊರಡಿಗೆ ಒರಗಿ ನೆಲದ ಮೇಲೆ ಕೂತಿದ್ದಾಳೆ. ಬಲಗೈಯ ಎರಡು ಬೆರಳು ತೊಗಲಿನಲ್ಲಿ ನೇತಾಡುತ್ತಿದ್ದವು. ನಮ್ಮದೇ ಕತ್ತಿ ಪಕ್ಕದಲ್ಲಿ ಬಿದ್ದಿತ್ತು. "ಅಣ್ಣ" ಎಂದಳು. ಸಹಿ ಹಾಕದ ಕೈ ಯಾಕೆ ಎಂದು ಕೇಳಿ ಕಡಿದನಂತೆ.

ಕೈಗೆ ಐಸ್ ಕಟ್ಟಿ ಆಟೋ ನಿಲ್ಲಿಸಿದೆ.

"ಸೀಟೆಲ್ಲಾ ರಕ್ತ ಆಗತ್ತಲ್ಲ ಅಜ್ಜಿ."

"ಆದ್ರೆ ತೊಳ್ಕೊ. ಓಡ್ಸೋ ಮೊದ್ಲು!"

ಪಕ್ಕದ ಇಸ್ತ್ರಿ ಅಂಗಡಿಯವಳನ್ನು ಜೊತೆಗೆ ಕಳಿಸಿದೆ. ನಾನು ಹೋಗಲಿಲ್ಲ. ಕಡಿದದ್ದನ್ನು ಕಂಡದ್ದು ಆ ಮಷೀನೊಂದೇ. ಅದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ.

ಒಬ್ಬ ಪೊಲೀಸಿನವನು ಬಂದು ಕೊರಡು ನೋಡಿದ, ನೆಲ ನೋಡಿದ. ಬೆಳಗಿನಿಂದ ಹರಿದ ಕೋಳಿ ರಕ್ತದ ನಡುವೆ ಮಗಳದ್ದು ಯಾವುದು ಎಂದು ಯಾರು ಹೇಳಬೇಕು?

"ಕೋಳಿ ಅಂಗಡೀಲಿ ಕೈ ಕೊಯ್ಕೊಳ್ಳೋದು ಇದ್ದಿದ್ದೇ ಅಲ್ವಾ ಅಜ್ಜಿ? ವಿಡಿಯೋ ಇದ್ರೆ ಸ್ಟೇಷನ್‌ಗೆ ತಂದ್ಕೊಡಿ" ಎಂದು ಹೊರಟುಹೋದ.

ಹುಡುಗನನ್ನು ಮಹಡಿಯಿಂದ ಇಳಿಸಿದೆ. ಮಷೀನನ್ನು ಹಿಂದಕ್ಕೆ ಓಡಿಸಿದ. ಎಲ್ಲ ಇತ್ತು. ಮಗ ಇವಳ ಕೈಯನ್ನು ಕೊರಡಿಗೆ ಒತ್ತಿ ಹಿಡಿದು ಕತ್ತಿ ಎತ್ತಿದ್ದ. ಸದ್ದಿಲ್ಲ. ತಾರೀಖು ಮಾತ್ರ ಯಾವುದೋ ಹಳೆಯದು. ಹುಡುಗ ಪೆನ್ ಡ್ರೈವ್ ಚುಚ್ಚಿದ. ಮಷೀನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ತಡೀರಿ, ಒಂದ ಸಲ ರೀಸ್ಟಾರ್ಟ್ ಮಾಡೋನು..." ಅಂದವನೇ ಬೆರಳನ್ನು ಗುಂಡಿಗೆ ಒಯ್ದ.

ಕೆನ್ನೆಗೆ ಬಾರಿಸಿದೆ. ಕನ್ನಡಕ ಹೋಗಿ ಕೋಳಿ ತೂಗುವ ತಟ್ಟೆಯಲ್ಲಿ ಬಿತ್ತು.

"ಎಲ್ಲಾ ಮರೆಯೋ ಥರ ಮಾಡಿದ್ದು ನೀನೇ ಕಣೋ! ಮರ್ತ್‌ಬಿಟ್ಯಾ?"

ಅವನು ಗುಂಡಿಯಿಂದ ಕೈ ಹಿಂದಕ್ಕೆಳೆದುಕೊಂಡ. ಕನ್ನಡಕ ಹಾಕಿಕೊಂಡು ಮೊಬೈಲ್ ತೆಗೆದ. ಅದನ್ನು ಪರದೆಯ ಮುಂದೆ ಹಿಡಿದು, ಮಷೀನಿನಲ್ಲಿ ಓಡುವುದನ್ನು ರೆಕಾರ್ಡ್ ಮಾಡತೊಡಗಿದ. ಅದೊಂದೇ ದಾರಿ ಉಳಿದಿತ್ತು.

ಅಷ್ಟರಲ್ಲಿ ದೀಪ ಆರಿತು. ಯುಪಿಎಸ್ ಕೂಗಿಕೊಳ್ಳತೊಡಗಿತು. ಹೊರಗೆ ಮೀಟರ್ ಬೋರ್ಡಿನ ಹತ್ತಿರ ನನ್ನ ಮಗ ನಿಂತಿದ್ದ. ಕರೆಂಟ್ ಹೋಗಿ ಮಷೀನು ಕಳ್ಳನನ್ನೇ ಮರೆತ ಕತೆಯನ್ನು ಅವನಿಗೆ ಹೇಳಿ ನಗಾಡಿದ್ದು ನಾನೇ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಒಳಗೆ ಬಂದ.

"ಏನವ್ವಾ, ಅವ್ಳು ಕೈ ಕೊಯ್ಕಂಡ್ಲಂತೆ? ಇಂಗೆ ಕೆಲ್ಸ ಮಾಡುದ್ರೆ ಬೆಳ್ಳು ಉಳೀತದಾ?"

"ಮೈನ್ ಯಾಕೋ ಎಳ್ದೆ?"

"ಏಯ್ ಮಚ್ಚಾ, ಎದ್ದೇಳೋ ಅಲ್ಲಿಂದ!" ಎಂದು ಹುಡುಗನ ತಲೆಯ ಮೇಲಿಂದ ಮಷೀನಿಗೆ ಕೊಕ್ಕೆ ಬೀಸಿದ.

ಕೊಕ್ಕೆ ಇಳಿಯುವ ಮೊದಲೇ ಕತ್ತಿಯ ಬೆನ್ನಿನಿಂದ ಅವನ ಮುಂಗೈಗೆ ಹೊಡೆದೆ. ಮೂಳೆ ಟಕ್ ಎಂದಿತು. ದಿನಾ ಕೇಳುವ ಸದ್ದು. ಅವನು ಅರಚಿಕೊಂಡು ಮೊಣಕಾಲೂರಿದ. ಇನ್ನೊಂದು ಏಟು ಭುಜಕ್ಕೆ ಹಾಕಿದೆ.

"ಮಾಲಯ ಅಮಾಸೆ ದಿನ, ನಿಮ್ಮಪ್ಪಂಗೆ ಎಡೆ ಇಕ್ಕೋ ದಿನ, ಒಡಹುಟ್ದೋಳ್ ಬೆಳ್ಳು ಕಡಿದ್ಯಲ್ಲೋ ಪಾಪಿ!"

"ಊಂ, ಕಡ್ದೆ! ಸಹಿ ಆಕು ಅಂದ್ರೆ ಆಕ್ನಿಲ್ಲ, ಕಡ್ದೆ. ಏನೀಗ?"

"ಎದ್ದೆ ಅಂದ್ರೆ ನಿನ್ನೂ ತುಂಡ್ ಮಾಡಿ ತಕ್ಕಡಿಗೆ ಆಕ್ತೀನಿ."

ಅವನು ಏಳಲಿಲ್ಲ. ಹುಡುಗ ಮೊಬೈಲನ್ನು ಇಳಿಸಲಿಲ್ಲ. ಯುಪಿಎಸ್ ಕೂಗಿ ಕೂಗಿ ಸತ್ತಿತು. ಪರದೆ ಕಪ್ಪಾಯಿತು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಜನ ಸೇರಿದ್ದರು. ಮಗನನ್ನು ಅವರೇ ಹಿಡಿದುಕೊಂಡರು. ನಾನು ಹುಡುಗನ ಜೊತೆ ಆ ಮೊಬೈಲಿನ ವಿಡಿಯೋ ನೋಡಿದೆ. ಚಿತ್ರದಲ್ಲಿ ಮಗ ತಂಗಿಯ ಕೈ ಕಡಿಯುತ್ತಾನೆ. ಸದ್ದು ಬೇರೆಯದೇ. ಟಕ್ ಎನ್ನುವ ಮೂಳೆ ಅವನದು, ಅರಚುವ ಬಾಯಿ ಅವನದು, ಬೈಗುಳ ನನ್ನವು. ಮಷೀನಿಗೆ ಸೌಂಡಿರಲಿಲ್ಲ, ಮೊಬೈಲಿಗೆ ಇತ್ತು.

ಹುಡುಗ ಮೆಲ್ಲಗೆ ಕೇಳಿದ, "ಅಜ್ಜಿ, ನೀವು ಹೊಡದದ್ದ ಸೌಂಡ್ ಕಿತ್ತ ಒಗೀಲೇನ್ರಿ? ಎರಡ ನಿಮಿಷದ ಕೆಲಸ. ಇಲ್ಲಂದ್ರ ನಿಮ್ಮ ಮ್ಯಾಲೂ ಕೇಸ್ ಬೀಳ್ತೈತಿ."

ಚಿತ್ರದ ತಾರೀಖು ಸುಳ್ಳು. ಅವತ್ತು ಅಮಾವಾಸ್ಯೆ ಎಂದು ಹೇಳುವುದು ನನ್ನ ಬೈಗುಳವೊಂದೇ. ಕಡಿದೆ ಎಂದು ಅವನೇ ಒಪ್ಪಿಕೊಂಡಿದ್ದೂ ಆ ಸದ್ದಿನಲ್ಲೇ. ನನ್ನದನ್ನು ಮಾತ್ರ ಕಿತ್ತು ಅವನದನ್ನು ಉಳಿಸಿದರೆ, ಕಿತ್ತ ಜಾಗವನ್ನೇ ಅವನ ವಕೀಲ ಹಿಡಿದುಕೊಳ್ಳುತ್ತಾನೆ.

"ನೀನು ಇನ್ನೇನೂ ಕೀಳೋದ್ ಬೇಡ. ನಡಿ ಸ್ಟೇಷನ್‌ಗೆ" ಎಂದೆ.

ಸ್ಟೇಷನ್ನಿನ ಸಾಹೇಬರು ಎರಡು ಸಲ ಕೇಳಿಸಿಕೊಂಡರು.

"ಈ ಟಕ್ ಅಂದಿದ್ದೇನಜ್ಜಿ?"

"ಅವನ್ ಕೈ. ನಾನೇ ಮುರಿದೆ. ಬರ್ಕೊಳ್ಳಿ."

ಬರೆದುಕೊಂಡರು. ಅವನ ಮೇಲೊಂದು ಕೇಸು, ನನ್ನ ಮೇಲೊಂದು. ಇಬ್ಬರೂ ಕೋರ್ಟಿಗೆ ಅಲೆಯುತ್ತಿದ್ದೇವೆ. ಮಗಳ ಒಂದು ಬೆರಳು ಕೂಡಿಕೊಂಡಿತು, ಇನ್ನೊಂದನ್ನು ಡಾಕ್ಟರು ತೆಗೆದರು. ಈಗ ಎಡಗೈಯಲ್ಲಿ ತುಂಡು ಮಾಡುತ್ತಾಳೆ, ಸ್ವಲ್ಪ ನಿಧಾನ. ಹೋದ ಸಲ ಕೋರ್ಟಿನ ಮೆಟ್ಟಿಲ ಮೇಲೆ ಮಗ ಎದುರಾದ. ಸಹಿ ಹಾಕಲಾಗದಿದ್ದರೆ ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೂ ಸಾಕು ಎಂದ. ಇವಳು ಎಡಗೈಯ ಹೆಬ್ಬೆಟ್ಟನ್ನು ಅವನ ಮುಖದ ಮುಂದೆ ಆಡಿಸಿ, ಒಳಗೆ ಹೋಗಿ ಕೂತಳು.