ನೆಲ್ಲಿಯಕ್ಕ ಬೇಡವೆಂದ ಅಂಕಿ

ಬೆಳಗಿನ ಐದೂವರೆ. ಮಗಳ ಒಂದು ಜಡೆ ಹೆಣೆದಾಗಿದೆ, ಇನ್ನೊಂದರ ಕೂದಲು ಇನ್ನೂ ಕೈಯಲ್ಲಿದೆ. ಅಷ್ಟರಲ್ಲಿ ಫೋನು. ಆ ಕಡೆ ಪ್ರಯೋಗಾಲಯದ ಕಾವಲುಗಾರ.

“ಅಕ್ಕಾ, ಕಾಯಿ ಗಾಡಿ ಆಗಲೇ ಬಂದ್ಬಿಟ್ಟಿದೆ. ಡ್ರೈವರ್ ಮುಖ ಊದಿಸ್ಕೊಂಡಿದಾನೆ.”

“ಬುಟ್ಟಿಗಳನ್ನ ನೆರಳಲ್ಲಿ ಇಳಿಸಿ ಅಣ್ಣಾ, ಬಂದೆ.”

ಬಾಚಣಿಗೆ ಕಿಟಕಿಯ ಮೇಲೆ, ಮಗಳು ಸೈಕಲ್ಲಿನ ಹಿಂದೆ. ಹೆಣೆಯದೆ ಉಳಿದ ಅರ್ಧ ಕೂದಲು ಗಾಳಿಗೆ.

ನೆಲ್ಲಿಕಾಯಿಯ ಸತ್ವ ತೆಗೆದು, ಅದರಲ್ಲಿ ದೇಹಕ್ಕೆ ಒಳಿತು ಮಾಡುವ ಅಂಶ ಎಷ್ಟಿದೆ ಎಂದು ಅಳೆಯುವ ಪುಟ್ಟ ಪ್ರಯೋಗಾಲಯ ಅದು. ಅಲ್ಲಿ ಎಲ್ಲರಿಗೂ ಈ ತಾಯಿ ನೆಲ್ಲಿಯಕ್ಕ. ವರದಿಗಳಲ್ಲಿ ಅವರ ಹೆಸರಿರುವುದಿಲ್ಲ. ಆದರೆ ಏಳು ವರ್ಷಗಳಿಂದ ಇಲ್ಲಿಗೆ ಬಂದ ಪ್ರತಿ ಕಾಯಿಯೂ ಅವರ ಕೈ ದಾಟಿಯೇ ಯಂತ್ರದವರೆಗೆ ಹೋಗಿದೆ. ಗಂಡ ತೀರಿಕೊಂಡಾಗ ಮಗಳಿಗೆ ಒಂದೂವರೆ ವರ್ಷ. ಆಗ ಹಿಡಿದ ಕೆಲಸ. ವರ್ಷಕ್ಕೊಮ್ಮೆ ಹೊಸ ಗುತ್ತಿಗೆ ಕಾಗದವಾದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ. ಈ ವರ್ಷದ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ.

ದಿನಕ್ಕೆ ಮೂವತ್ತು ಕಿಲೋ ಕಾಯಿ, ಒಂದೊಂದಕ್ಕೆ ಆರು ಹೋಳು. ಮೂರು ದಿನ ಹದವಾದ ಬಿಸಿಯಲ್ಲಿ ಒಣಗಿಸಿ, ಪುಡಿ ಮಾಡಿ, ಮದ್ಯಸಾರ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಸೋಸಿ, ಇಂಗಿಸಿದರೆ ತಳದಲ್ಲಿ ಉಳಿಯುವುದು ಕಂದು ಬಣ್ಣದ ಒಂದಿಷ್ಟು ಅಂಟು. ಅದೇ ಸತ್ವ.

“ನನ್ನ ಬೆರಳು ನೋಡಿ, ಎಷ್ಟು ತಿಕ್ಕಿದ್ರೂ ಕರೆ ಹೋಗಲ್ಲ. ಮದುವೆ ಮನೇಲಿ ಊಟಕ್ಕೆ ಕೂತ್ರೆ ಪಕ್ಕದವರು, ‘ಕೈ ತೊಳ್ಕೊಳ್ಳೋಕೆ ನೀರು ಅಲ್ಲಿದೆ’ ಅಂತಾರೆ,” ಎಂದು ನಗುತ್ತಾರೆ ನೆಲ್ಲಿಯಕ್ಕ.

ಹೋದ ತಿಂಗಳ ಒಂದು ಬೆಳಿಗ್ಗೆ ಸ್ಟೀಲ್ ಚಾಕು ಸಾಣೆಗೆ ಹೋಗಿತ್ತು. ಬಿಸಿಲು ಏರುತ್ತಿತ್ತು. ಕಾವಲುಗಾರನ ಕೋಣೆಯಲ್ಲಿದ್ದ ಕಬ್ಬಿಣದ ಚಾಕು ತಂದು ಅರ್ಧ ಬುಟ್ಟಿ ಹೆಚ್ಚಿಬಿಟ್ಟರು. ಕಬ್ಬಿಣ ತಾಗಿದರೆ ನೆಲ್ಲಿಯ ಒಗರು ಕಪ್ಪಾಗುತ್ತದೆ, ಅಳತೆಯೂ ತಪ್ಪಬಹುದು. ಅವರಿಗೆ ಅದು ಗೊತ್ತಿತ್ತು. ಅರ್ಧ ಬುಟ್ಟಿ ತಾನೇ ಅಂದುಕೊಂಡರು.

ಆ ಕಂತಿನ ಸತ್ವದಲ್ಲಿ ಒಳ್ಳೆಯ ಅಂಶದ ಅಂಕಿ, ಗ್ರಾಂಗೆ ಇಷ್ಟು ಮಿಲಿಗ್ರಾಂ ಎನ್ನುವ ಲೆಕ್ಕದಲ್ಲಿ, ಇನ್ನೂರ ಹನ್ನೆರಡು ಬಂತು. ಪ್ರಯೋಗಾಲಯ ಅಷ್ಟು ದೊಡ್ಡ ಅಂಕಿ ಎಂದೂ ಕಂಡಿರಲಿಲ್ಲ. ಅಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಮರುದಿನ ನೆಲ್ಲಿಯಕ್ಕ ಪ್ರಯೋಗಾಲಯದ ಮುಖ್ಯಸ್ಥೆಯ ಮುಂದೆ ನಿಂತು, “ಮೇಡಂ, ಅದನ್ನ ಬರೀಬೇಡಿ. ನಾನು ಚಾಕು ತಪ್ಪು ಹಿಡಿದೆ,” ಎಂದರು.

“ಸುಳ್ಳು ಯಾಕೆ ಹೇಳ್ಲಿ, ನನಗೆ ಕೆಂಡದಂಥ ಸಿಟ್ಟು ಬಂತು,” ಎನ್ನುತ್ತಾರೆ ಮುಖ್ಯಸ್ಥೆ. “ವರದಿ ಕಳಿಸೋಕೆ ಎರಡೇ ದಿನ ಇತ್ತು.” ವರದಿ ನಿಂತಿತು. ಹೊಸ ಕಾಯಿ ತರಿಸಿ ಮೊದಲಿನಿಂದ ಹನ್ನೆರಡು ದಿನದ ಕೆಲಸ. ಆ ಹನ್ನೆರಡು ದಿನವೂ ಮುಖ್ಯಸ್ಥೆ ಅವರೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಮತ್ತೆ ಮಾಡಿದ ಆ ಕಂತಿನ ಅಳತೆ ಇವತ್ತು. ಶಾಲೆ ಒಂಬತ್ತಕ್ಕೆ, ಹಾಗಾಗಿ ಮಗಳು ಮೂಲೆಯ ಸ್ಟೂಲಿನ ಮೇಲೆ ಮಗ್ಗಿ ಬರೆಯುತ್ತಿದ್ದಾಳೆ. “ಇವಳು ಮೊನ್ನೆಯಿಂದ ಏನೋ ಕೇಳ್ಬೇಕು ಅಂತ ಬಾಯಿ ತೆಗೀತಾಳೆ, ನುಂಗ್ತಾಳೆ,” ಎನ್ನುತ್ತಾರೆ ತಾಯಿ, ಹೋಳು ಹೆಚ್ಚುತ್ತಲೇ.

ಎಂಟು ಗಂಟೆಗೆ ಯಂತ್ರ ಅಂಕಿ ತೋರಿಸುತ್ತದೆ. ನೂರ ಎಪ್ಪತ್ತನಾಲ್ಕು. ನೆಲ್ಲಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ನಿಲ್ಲುತ್ತಾರೆ. ಮುಖ್ಯಸ್ಥೆ ಹಳೆಯ ಅಂಕಿಗೆ ಗೆರೆ ಎಳೆದು ಹೊಸದನ್ನು ಬರೆಯುತ್ತಾರೆ. ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು, ಸಹಿ ಹಾಕಿ, ಮೇಜಿನ ಮೇಲೆ ಸರಿಸುತ್ತಾರೆ.

“ಈ ವರ್ಷದ್ದು. ಒಳಗಿಟ್ಕೊಳ್ಳಿ. ಸುಮ್ನೆ ಏನು ನಿಂತಿದೀರಿ, ಬುಟ್ಟಿಗೆ ಬಿಸಿಲು ಬೀಳ್ತಿದೆ.”

ಮೂಲೆಯ ಸ್ಟೂಲು ಕಿರ್ರೆನ್ನುತ್ತದೆ. ಮಗಳು ಎದ್ದು ಬಂದು ಮುಖ್ಯಸ್ಥೆಯ ಮೇಜಿನ ಅಂಚು ಹಿಡಿದುಕೊಳ್ಳುತ್ತಾಳೆ.

“ಮೇಡಂ, ಅಮ್ಮ ಹೇಳದೇ ಇದ್ದಿದ್ರೆ ನಿಮಗೆ ಗೊತ್ತಾಗ್ತಿತ್ತಾ?”