ಕೆಂಪು ಬಾಲದ ದಡ್ಡರು

ನಮ್ಮ ಭಾವ ಇಪ್ಪತ್ತೆರಡು ವರ್ಷ ಇಲಿ ಸಾಕಿದರು. ಮನೆಯಲ್ಲಲ್ಲ, ಕಾಲೇಜಿನಲ್ಲಿ. ಮನುಷ್ಯರ ನಡವಳಿಕೆಯ ಬಗ್ಗೆ ಕಲಿಸುವ ವಿಭಾಗದಲ್ಲಿ ಅವರು ಅಟೆಂಡರ್. ಪಂಜರ ತೊಳೆಯುವುದು, ಮರದ ಹೊಟ್ಟು ಹಾಸುವುದು, ನೀರಿನ ಬಾಟಲಿ ತುಂಬುವುದು, ಪಾಠದ ಹೊತ್ತಿಗೆ ಒಂದು ಇಲಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕಾಯುವುದು. ಹೀಗೆ ಕಾಯುತ್ತ ಕಾಯುತ್ತ, ಪ್ರೊಫೆಸರು ಪ್ರತಿವರ್ಷ ಒಪ್ಪಿಸುತ್ತಿದ್ದ ಒಂದೇ ಪಾಠವನ್ನು ಅವರೂ ಪ್ರತಿವರ್ಷ ಕೇಳಿದರು. ಹುಡುಗರು ಒಂದು ಸಲ ಕೇಳಿ ಪಾಸಾಗಿ ಮರೆತರು. ಭಾವ ಇಪ್ಪತ್ತೆರಡು ಸಲ ಕೇಳಿ ಮನೆಗೆ ತಂದರು.

ಪಾಠ ಇಷ್ಟೇ. ನಾವು ಮಾಡುವುದೆಲ್ಲ ಮೆದುಳಿನಲ್ಲಿ, ಅಲ್ಲಿನ ರಸಗಳಲ್ಲಿ ಹುಟ್ಟುತ್ತದೆ. ಸ್ವಭಾವ ಜೀನುಗಳ ಮೂಲಕ ವಂಶದಿಂದ ಇಳಿದು ಬರುತ್ತದೆ. ಪೂರ್ವಜರನ್ನು ಬದುಕಿಸಿದ ಗುಣಗಳೇ ನಮ್ಮಲ್ಲಿ ಉಳಿದಿವೆ. ಇಲಿಗೂ ಮನುಷ್ಯನಿಗೂ ಒಳಗಿನ ಸಾಮಾನು ಬಹುಪಾಲು ಒಂದೇ ಆದ್ದರಿಂದ ಇಲಿಯನ್ನು ನೋಡಿ ಮನುಷ್ಯನನ್ನು ತಿಳಿಯಬಹುದು. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ದೇವರು ಮಾಡಿದ ಜೀವಕ್ಕೂ ಒಳಗೊಂದು ಯಂತ್ರ ಬೇಕಲ್ಲ. ಆದರೆ ಭಾವ ಆ ಯಂತ್ರವನ್ನು ಬಳಸಿದ್ದು ಕೆಲಸ ತಪ್ಪಿಸಿಕೊಳ್ಳುವುದಕ್ಕೆ.

ಊಟದ ಮಧ್ಯೆ ಸಿಟ್ಟು ಬಂದು ತಟ್ಟೆ ಎಸೆದರೆ, ಮೆದುಳಿನಲ್ಲಿ ಬಾದಾಮಿಯಷ್ಟು ದೊಡ್ಡ ಒಂದು ಗಂಟಿದೆ, ಕೋಪ ಅಲ್ಲಿಂದ ಬರುವುದು, ನನ್ನದೇನಿದೆ ಎನ್ನುತ್ತಿದ್ದರು. ಚೂರುಗಳನ್ನು ಆರಿಸುತ್ತ ನಮ್ಮಕ್ಕ ಒಂದು ಸಲ ಕೇಳಿದಳು: "ಪ್ರೊಫೆಸರು ಬೈಯುವಾಗ ಆ ಗಂಟು ಎಲ್ಲಿಗೆ ಹೋಗಿರುತ್ತೆ, ರೀ?" ಮಧ್ಯಾಹ್ನದ ನಿದ್ದೆಗೂ ಪೂರ್ವಜರೇ ಹೊಣೆ; ಅವರು ಬೇಟೆ ಮುಗಿಸಿ ಮಲಗುತ್ತಿದ್ದರಂತೆ. ಭಾವನ ಬೇಟೆ ಏನು ಎಂದು ಅಕ್ಕ ಕೇಳಲಿಲ್ಲ, ಚಾಪೆ ಹಾಸಿಕೊಟ್ಟಳು. ಹಣೆಬರಹ ಎಂದು ನಾನು ಬಾಯಿ ತಪ್ಪಿ ಅಂದರೆ ಮಾತ್ರ ಭಾವ ನಗುತ್ತಿದ್ದರು. ಬರಹ ಹಣೆಯ ಮೇಲಿದ್ದರೆ ಮೂಢನಂಬಿಕೆ, ಹಣೆಯ ಹಿಂದಿದ್ದರೆ ವಿಜ್ಞಾನ.

ಇದನ್ನೆಲ್ಲ ನಾವು ನಗುತ್ತ ಸಹಿಸಿಕೊಂಡಿದ್ದೆವು. ಪಿಯುಸಿ ಮುಗಿಸಿದ ಮಗಳು ಗಣಿತದ ಡಿಗ್ರಿಗೆ ಸೇರುವ ಅರ್ಜಿ ತಂದು ಮುಂದಿಟ್ಟ ದಿನ ನಗು ನಿಂತಿತು. ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಭಾವ ಪೆನ್ನು ಮುಟ್ಟಲಿಲ್ಲ.

"ನಮ್ಮ ವಂಶದಲ್ಲೇ ಲೆಕ್ಕ ಇಲ್ಲ ಪುಟ್ಟಿ. ನಾನು ಎರಡು ಸಲ ಫೇಲು, ನಮ್ಮಪ್ಪ ಮೂರು ಸಲ. ಇಲ್ಲದ್ದು ಎಲ್ಲಿಂದ ಬರುತ್ತೆ?"

ಅಕ್ಕ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಅಳತೆ ಹೇಳಿ ಮುಗಿಯುವುದರೊಳಗೆ ಎಷ್ಟು ಬಟ್ಟೆ ಬೇಕು, ಎಷ್ಟು ಚೂರು ಉಳಿಯುತ್ತದೆ ಎಂದು ಬಾಯಲ್ಲೇ ಹೇಳುತ್ತಾಳೆ. ಮಗಳಿಗೆ ಅವಳೂ ಅರ್ಧ ವಂಶ ಎಂಬುದು ಭಾವನ ವಿಜ್ಞಾನದಲ್ಲಿ ಇರಲಿಲ್ಲ. ಅರ್ಜಿ ಹೊಲಿಗೆ ಯಂತ್ರದ ಮೇಲೆ ಹಾಗೇ ಬಿದ್ದಿತ್ತು. ಕೊನೆಯ ದಿನ ಶುಕ್ರವಾರ.

ಇನ್ನು ಇಲಿಗಳ ವಿಷಯ. ಪ್ರೊಫೆಸರು ಎರಡು ವಂಶ ಬೆಳೆಸಿದ್ದರು. ಮರದ ಪೆಟ್ಟಿಗೆಯೊಳಗಿನ ತಿರುವುಮುರುವು ದಾರಿಯಲ್ಲಿ ಬೇಗ ಓಡಿ ತಿಂಡಿ ಮುಟ್ಟುವ ಇಲಿಗೆ ಅಂಥದ್ದನ್ನೇ ಜೋಡಿ ಮಾಡಿ, ತಡಬಡಾಯಿಸುವ ಇಲಿಗೆ ತಡಬಡಾಯಿಸುವುದನ್ನೇ ಜೋಡಿ ಮಾಡಿ, ಹದಿನೆಂಟು ತಲೆಮಾರು. ಜಾಣ ವಂಶದ ಬಾಲಕ್ಕೆ ನೀಲಿ ಬಣ್ಣ, ದಡ್ಡ ವಂಶದ ಬಾಲಕ್ಕೆ ಕೆಂಪು. ನೀಲಿಗಳಿಗೆ ಕಿಟಕಿಯ ಪಕ್ಕ ಜಾಗ, ಕೆಂಪುಗಳಿಗೆ ಮೂಲೆ.

ಭಾನುವಾರವೂ ಇಲಿಗಳಿಗೆ ಹಸಿವಾಗುತ್ತದೆ. ಭಾನುವಾರ ಭಾವನಿಗೆ ಪೂರ್ವಜರ ನಿದ್ದೆ. ಹಾಗಾಗಿ ಬೀಗದ ಕೈ ಹಿಡಿದು ಹೋಗುತ್ತಿದ್ದವಳು ಮಗಳು. ದಡ್ಡ ಎಂದು ಬಾಲದ ಮೇಲೇ ಬರೆಸಿಕೊಂಡು ಹುಟ್ಟಿದ ಮರಿಗಳನ್ನು ಕಂಡು ಅವಳಿಗೆ ಸುಮ್ಮನಿರಲಾಗಲಿಲ್ಲ. ಅಮ್ಮನ ಅಂಗಡಿಯ ಖಾಲಿ ದಾರದ ರೀಲು, ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ, ಕಡ್ಡಿಯ ಏಣಿ, ಎಲ್ಲ ತಂದು ಆ ಪಂಜರಗಳಲ್ಲಿ ಹಾಕಿದಳು. ಭಾವ ಸೋಮವಾರ ನೋಡಿದರು. ತೆಗೆಯಬೇಕಾದರೆ ಬಗ್ಗಬೇಕು. ಬಗ್ಗಲಿಲ್ಲ. ಪ್ರೊಫೆಸರು ಮೂಲೆಗೆ ಬರುವವರೇ ಅಲ್ಲ. ಹೀಗೆ ಆರು ತಿಂಗಳು.

ಅರ್ಜಿಯ ಕೊನೆಯ ವಾರದ ಸೋಮವಾರ ಹೊರಗಿನಿಂದ ದೊಡ್ಡವರು ಬಂದರು. ಪ್ರೊಫೆಸರು ಇಲಿ ಓಡಿಸಿ ತೋರಿಸಿದರು. ಕೆಂಪು ಬಾಲಗಳು ನೀಲಿಯವುಗಳಷ್ಟೇ ಬೇಗ ಹೋಗಿ ತಿಂಡಿ ಮುಟ್ಟಿದವು. ಒಂದು ನೀಲಿ ಬಾಲ ಎರಡನೇ ತಿರುವಿನಲ್ಲಿ ಕೂತು ಮುಖ ತೊಳೆದುಕೊಂಡಿತು. ಬಂದವರಲ್ಲೊಬ್ಬರು ಕೆಮ್ಮಿದರು.

ಪಂಜರ ಅದಲುಬದಲು ಮಾಡಿದ್ದೀಯ, ಬಣ್ಣವನ್ನೂ ತಪ್ಪಾಗಿ ಹಚ್ಚಿದ್ದೀಯ ಎಂದು ಪ್ರೊಫೆಸರು ಭಾವನಿಗೆ ಕಾಗದ ಕೊಟ್ಟರು. ಶುಕ್ರವಾರದೊಳಗೆ ಸರಿಯಾದ ಕಾರಣ ಹೇಳಬೇಕು, ಇಲ್ಲವಾದರೆ ಇಲಿಕೋಣೆ ಬಿಡಬೇಕು. ಮೂರು ದಿನ ಭಾವ ಒಂದು ತಟ್ಟೆಯನ್ನೂ ಎಸೆಯಲಿಲ್ಲ. ಬಾದಾಮಿ ಗಂಟು ಎಲ್ಲಿತ್ತೋ. ಕಡೆಗೆ ಗುರುವಾರ ಮಗಳ ಮುಂದೆ ಬಾಯಿ ಬಿಟ್ಟರು: ನೀನೇ ಬಂದು ರೀಲಿನ ವಿಷಯ ಹೇಳು, ನಾನು ಹೇಳಿದರೆ ಪ್ರೊಫೆಸರು ನಂಬುವುದಿಲ್ಲ.

ಮಗಳು ಶುಕ್ರವಾರ ಬೆಳಿಗ್ಗೆ ಅರ್ಜಿಯನ್ನೂ ಹಿಡಿದುಕೊಂಡು ಕಾಲೇಜಿಗೆ ಹೋದಳು. ಪ್ರೊಫೆಸರ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳಂತೆ:

"ಒಳಗೆ ಏನು ಹೇಳ್ಲಿ ಅಪ್ಪ? ಸಾಕಿದ ರೀತಿಯಿಂದ ಇಲಿ ಬದಲಾಯ್ತು ಅಂತ ಹೇಳ್ಲಾ? ಇಲ್ಲ, ವಂಶದಲ್ಲಿ ಇಲ್ಲದ್ದು ಎಲ್ಲಿಂದ ಬರುತ್ತೆ ಅಂತ ಹೇಳ್ಲಾ?"

ಭಾವ ಅತ್ತಿತ್ತ ನೋಡಿದರು. ಆಮೇಲೆ ಅವಳ ಕೈಯಿಂದ ಅರ್ಜಿ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ಗೋಡೆ ಒರಟಾಗಿದ್ದರಿಂದ ಸಹಿ ಸ್ವಲ್ಪ ನಡುಗಿದಂತಿದೆ ಎಂದು ಇವತ್ತಿಗೂ ಹೇಳುತ್ತಾರೆ.

ಒಳಗೆ ಮಗಳು ಒಂದು ನೋಟ್‌ಬುಕ್ ಇಟ್ಟಳು. ಆರು ತಿಂಗಳ ಭಾನುವಾರಗಳು. ಎರಡು ಬಣ್ಣದ ಇಲಿಗಳನ್ನೂ ಸಮಸಮ ಓಡಿಸಿ, ಪ್ರತಿಯೊಂದರ ಸೆಕೆಂಡು ಬರೆದು, ಸರಾಸರಿ ತೆಗೆದಿದ್ದಳು. ರೀಲು ಹಾಕಿದ ಮೇಲೆ ಕೆಂಪಿನ ಸೆಕೆಂಡು ವಾರವಾರಕ್ಕೂ ಇಳಿದು ನೀಲಿಗೆ ಸಮ ಬಂದಿತ್ತು. ಪ್ರೊಫೆಸರು ಹಾಳೆ ತಿರುವಿದರು, ಹಿಂದಕ್ಕೆ ಬಂದು ಮತ್ತೆ ತಿರುವಿದರು.

"ಲೆಕ್ಕ ಯಾರು ಮಾಡಿದ್ದು?"

"ನಮ್ಮ ಮಗಳು ಸಾರ್," ಅಂದರು ಭಾವ, ಅವಳಿಗಿಂತ ಮೊದಲೇ.

ಭಾವನ ಕೆಲಸ ಉಳಿಯಿತು. ಆದರೆ ಪ್ರೊಫೆಸರು ಹದಿನೆಂಟು ತಲೆಮಾರು ಸಾಕಿದ ಮನುಷ್ಯ. ಯೋಚಿಸಿ ಒಂದು ಆಜ್ಞೆ ಕೊಟ್ಟರು: "ಆ ರೀಲು, ಏಣಿ ಎಲ್ಲ ತೆಗೆಸಿಬಿಡು. ಜೀನುಗಳಿಗೆ ಅಡ್ಡಿಯಾಗ್ತಿವೆ."

ರೀಲುಗಳು ಚೀಲದಲ್ಲಿ ಮನೆಗೆ ಬಂದವು, ಹಲ್ಲಿನ ಗುರುತಿನ ಸಮೇತ. ಮುಂದೆ ಹುಟ್ಟಿದ ಕೆಂಪು ಬಾಲಗಳು ಖಾಲಿ ಪಂಜರದಲ್ಲಿ ಬೆಳೆದು, ಪ್ರೊಫೆಸರು ಬಯಸಿದಷ್ಟು ದಡ್ಡವಾದವು. ವಿಜ್ಞಾನ ನೆಮ್ಮದಿಯಾಗಿದೆ.

ಮಗಳು ಈಗ ಎರಡನೇ ವರ್ಷದಲ್ಲಿದ್ದಾಳೆ. ಮೊದಲ ವರ್ಷ ತರಗತಿಗೇ ಮೊದಲಿಗಳಾಗಿ ಬಂದಾಗ ಭಾವ ಬೀದಿಯವರಿಗೆಲ್ಲ ವಿವರಿಸಿದರು. ಲೆಕ್ಕ ಅವರ ವಂಶದಲ್ಲಿ ಮೊದಲಿನಿಂದಲೂ ಇತ್ತಂತೆ, ಎರಡು ತಲೆಮಾರು ನಿದ್ದೆ ಮಾಡುತ್ತಿತ್ತಂತೆ.

ಅಕ್ಕ ಕತ್ತರಿಯಿಂದ ತಲೆ ಎತ್ತಲಿಲ್ಲ. "ಆ ನಿದ್ದೆ ನಿಮ್ಮ ವಂಶದ್ದೇ ರೀ," ಅಂದಳು, "ಅದರಲ್ಲಿ ಯಾರೂ ಪಾಲು ಕೇಳೋದಿಲ್ಲ."